16 ಬಿಟ್, 24 ಬಿಟ್: ಡ್ಯಾಕ್ ತಗೊಳ್ಳುವ ಮುಂಚೆ ಇದೊಂದು ಮಾಡಿ ನೋಡಿ

ನಮಸ್ಕಾರ ಅಣ್ಣಾ. ಒಂದೇ ತತ್ವಪದ 16 ಬಿಟ್‌ಗಿಂತ 24 ಬಿಟ್ ಫೈಲಿನಲ್ಲಿ ಬಿಚ್ಚಿಕೊಂಡ ಹಾಗೆ ಕೇಳುತ್ತದೆ, ಅದಕ್ಕೆ ಎಂಟು ಸಾವಿರ ಕೊಟ್ಟು ಡ್ಯಾಕ್ (ಡಿಜಿಟಲ್ ಫೈಲನ್ನು ಹೆಡ್‌ಫೋನಿಗೆ ಬೇಕಾದ ದನಿಯಾಗಿ ಬದಲಿಸುವ ಸಾಧನ) ತಗೊಳ್ಳಲಾ ಅಂತ ಕೇಳಿದ್ದೀರಿ. ಒಂದು ವಾರ ತಡೀರಿ. ನಾನೂ ಬಹಳ ದಿನ ಹಾಗೇ ನಂಬಿದ್ದೆ.

ಬಿಟ್ ಅಂದರೆ ದನಿಯನ್ನು ಎಷ್ಟು ಮೆಟ್ಟಿಲಲ್ಲಿ ಅಳೆಯುತ್ತೇವೆ ಅನ್ನೋ ಲೆಕ್ಕ. 8 ಬಿಟ್‌ಗೆ 256 ಮೆಟ್ಟಿಲು, 16ಕ್ಕೆ 65,536, 24ಕ್ಕೆ ಒಂದು ಕೋಟಿ 67 ಲಕ್ಷಕ್ಕೂ ಜಾಸ್ತಿ. ಇದನ್ನು ನೋಡಿದರೆ 24 ಬಿಟ್ ನೂರಾರು ಪಟ್ಟು ನುಣುಪು ಇರಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಡಿದರ್, ಅಂದರೆ ಬಿಟ್ ಇಳಿಸುವಾಗ ಬೇಕಂತಲೇ ಬೆರೆಸುವ ತೀರಾ ಸಣ್ಣ ಸದ್ದು, ಹಾಕಿ ಇಳಿಸಿದರೆ ಮೆಟ್ಟಿಲು ಕಡಿಮೆಯಾದರೂ ಹಾಡು ಒರಟಾಗುವುದಿಲ್ಲ, ತಳದಲ್ಲಿ ಸುಯ್ ಅನ್ನೋ ಸದ್ದು ಏರುತ್ತದೆ, ಅಷ್ಟೇ. ಒಂದು ಬಿಟ್ ಕಡಿಮೆಯಾದರೆ ಆ ಸದ್ದು ಸುಮಾರು 6 ಡೆಸಿಬೆಲ್ (ದನಿಯ ಜೋರಿನ ಅಳತೆ) ಏರುತ್ತದೆ. 16 ಬಿಟ್‌ನಲ್ಲಿ ಆ ಸದ್ದು ಅತಿ ಜೋರು ದನಿಗಿಂತ ಸುಮಾರು 96 ಡೆಸಿಬೆಲ್ ಕೆಳಗಿರುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೂ ಮನೆಯೊಳಗೆ 30 ಡೆಸಿಬೆಲ್ ಹತ್ತಿರ ಸದ್ದು ಇದ್ದೇ ಇರುತ್ತದೆ, ಹದವಾದ ವಾಲ್ಯೂಮಿನಲ್ಲಿ ಆ ಸುಯ್ ಇದರೊಳಗೇ ಮುಚ್ಚಿಹೋಗುತ್ತದೆ. ಇನ್ನು ನಮ್ಮ ಕಲಬುರಗಿಯ ಮೇ ತಿಂಗಳಲ್ಲಿ ಕೂಲರ್ ಹಚ್ಚಿಕೊಂಡು ಕೂತರೆ 12 ಬಿಟ್‌ಗೂ 24 ಬಿಟ್‌ಗೂ ವ್ಯತ್ಯಾಸ ಹುಡುಕುವುದೇ ಕಷ್ಟ.

ನಾನು ಮಾಡಿದ್ದು ಹೇಳ್ತೀನಿ. ನಮ್ಮ ಮನೆಯಲ್ಲೇ 24 ಬಿಟ್‌ನಲ್ಲಿ ಹಿಡಿದ ಏಕತಾರಿಯ ಒಂದು ತುಣುಕು ತಗೊಂಡೆ. ತಂತಿ ಮೀಟಿದ ಮೇಲೆ ನಾದ ಸಣ್ಣಗಾಗುತ್ತಾ ಹೋಗಿ ಕರಗುತ್ತದಲ್ಲ, ಬಿಟ್ ವ್ಯತ್ಯಾಸ ಸಿಕ್ಕರೆ ಅಲ್ಲೇ ಸಿಗಬೇಕು, ಜೋರಾಗಿ ಹಾಡುವ ಕಡೆ ಸಿಗುವುದಿಲ್ಲ. ಡಿದರ್ ಹಾಕದೆ 8 ಬಿಟ್‌ಗೆ ಇಳಿಸಿದಾಗ ಆ ಬಾಲ ಮೊರದಲ್ಲಿ ತೊಗರಿ ಕೇರಿದ ಹಾಗೆ ಕರಕರ ಅಂದು, ಪೂರ್ತಿ ಕರಗುವ ಮೊದಲೇ ಟಕ್ ಅಂತ ಕಡಿದು ಹೋಯಿತು. ಡಿದರ್ ಹಾಕಿ ಇಳಿಸಿದೆ. ಕರಕರ ಹೋಗಿ ಹಳೆ ಕ್ಯಾಸೆಟ್ಟಿನ ಹಾಗೆ ಒಂದೇ ಸಮ ಸುಯ್ ಅನ್ನೋ ಸದ್ದು ಬಂತು, ಅದರೊಳಗೆ ನಾದ ಮಾತ್ರ ಕೊನೆತನಕ ಕೇಳಿತು. ಮೊದಲ ಸಲ ಕೇಳಿದಾಗ ಮೈ ಜುಮ್ಮೆಂದಿತ್ತು. 16ಕ್ಕೆ ಬಂದಾಗ ಏನೂ ಸಿಗಲಿಲ್ಲ. ಹೆಸರು ಮುಚ್ಚಿ 16 ಸಲ ಕೇಳಿದೆ, 9 ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ.

ನೀವೂ ಮಾಡಿ. ಬೇರೆ ಬೇರೆ ಕಡೆಯಿಂದ ಇಳಿಸಿಕೊಂಡ ಎರಡು ಫೈಲ್ ಬೇಡ, ಅವುಗಳ ಮಾಸ್ಟರಿಂಗ್ (ಹಂಚುವ ಮುಂಚೆ ದನಿಗೆ ಕೊಡುವ ಕೊನೆಯ ಹದ) ಬೇರೆ ಇರಬಹುದು. ನಿಮ್ಮ ಹತ್ತಿರದ 24 ಬಿಟ್ ಫೈಲನ್ನೇ ಆಡಾಸಿಟಿ ಅನ್ನೋ ದನಿ ತಿದ್ದುವ ಸಾಫ್ಟ್‌ವೇರಿನಲ್ಲಿ ಡಿದರ್ ಹಾಕಿ 16ಕ್ಕೆ ಇಳಿಸಿ, ದನಿಯ ಮಟ್ಟ ಮುಟ್ಟಬೇಡಿ. ಒಂದು ಫೈಲ್ ಅರ್ಧ ಡೆಸಿಬೆಲ್ ಜೋರಿದ್ದರೂ ಕಿವಿ ಅದನ್ನು ಜೋರು ಅನ್ನುವುದಿಲ್ಲ, ಚೆನ್ನಾಗಿದೆ ಅನ್ನುತ್ತದೆ, ನಿಮಗೂ ಹೀಗೇ ಆಗಿರಬಹುದು ಅಂತ ನನ್ನ ಅನುಮಾನ. ಆಮೇಲೆ ಕಂಪ್ಯೂಟರಿನಲ್ಲಿ ಹಾಡು ಕೇಳುವ ಫೂಬಾರ್2000 ಸಾಫ್ಟ್‌ವೇರ್ ಹಾಕಿ, ಹೆಸರು ಮುಚ್ಚಿ ಹೋಲಿಸಿ ನೋಡಲು ಇರುವ ಅದರ ಎಬಿಎಕ್ಸ್ ಪ್ಲಗಿನ್ ಸೇರಿಸಿ, ಎರಡೂ ಫೈಲ್ ಕೊಡಿ. ಯಾವುದು ಓಡುತ್ತಿದೆ ಅಂತ ಅದು ತೋರಿಸುವುದಿಲ್ಲ. 16 ಸಲದಲ್ಲಿ 12 ಸಲ ಸರಿ ಬಂದರೆ ನಿಮಗೆ ಏನೋ ಕೇಳುತ್ತಿದೆ ಅಂತಲೇ ಅರ್ಥ, ಯಾಕೆಂದರೆ ಸುಮ್ನೆ ಊಹೆಯಲ್ಲಿ ಅಷ್ಟು ಸರಿ ಬರುವುದು ನೂರಕ್ಕೆ ನಾಲ್ಕು ಸಲ ಮಾತ್ರ. ವೈರ್ ಇರುವ ಹೆಡ್‌ಫೋನೇ ಬೇಕು, ಸಾಮಾನ್ಯ ಬ್ಲೂಟೂತ್ ದನಿಯನ್ನು ಹಿಂಡಿಯೇ ಕಳಿಸುತ್ತದೆ. ಬಾಲ ಕೇಳಬೇಕು ಅಂತ ವಾಲ್ಯೂಮ್ ಪೂರ್ತಿ ಏರಿಸಬೇಡಿ. ಮುಂದಿನ ಮೀಟು ಬಂದಾಗ ಕಿವಿಗೆ ಪೆಟ್ಟು.

ಆದರೆ ರೆಕಾರ್ಡ್ ಮಾಡುವಾಗ ಕಣ್ಣು ಮುಚ್ಚಿ 24 ಇಡಿ. ಭಜನೆಯಲ್ಲಿ ಮೆಲ್ಲಗೆ ಶುರು ಮಾಡಿದವರು ತಾಳ ಏರಿದ ಕೂಡಲೇ ಎಷ್ಟು ಜೋರಾಗಿ ಹಾಡ್ತಾರೆ ನಿಮಗೇ ಗೊತ್ತು. 24ರಲ್ಲಿ ಜೋರು ದನಿ ಮೀಟರಿನಲ್ಲಿ ಮೈನಸ್ 12ರಿಂದ ಮೈನಸ್ 18 ಡೆಸಿಬೆಲ್ ಒಳಗೆ ನಿಲ್ಲುವ ಹಾಗೆ ಗೇನ್ (ಮೈಕಿನ ದನಿಯನ್ನು ಏರಿಸುವ ಮಟ್ಟ) ಇಳಿಸಿ ಇಟ್ಟರೂ ನಷ್ಟವಿಲ್ಲ, ಆಮೇಲೆ ಏರಿಸಿಕೊಳ್ಳಬಹುದು. ಒಮ್ಮೆ ಒಡೆದ ದನಿ ಮಾತ್ರ ತಿರುಗಿ ಬರುವುದಿಲ್ಲ. ಎಡಿಟಿಂಗ್ ಎಲ್ಲಾ ಮುಗಿದ ಮೇಲೆ ಡಿದರ್ ಹಾಕಿ 16ಕ್ಕೆ ಇಳಿಸಿ ಹಂಚಿರಿ.

ಆ ಎಂಟು ಸಾವಿರ ಕೈಯಲ್ಲೇ ಇರಲಿ. ಮುಂದಿನ ಸಲ ನಸುಕಿನಲ್ಲಿ ಫ್ಯಾನ್ ಆರಿಸಿ, ಗೋಡೆಗೆ ಎರಡು ಕೌದಿ ತೂಗುಹಾಕಿ, ಮೈಕ್ ಹಾಡುವವರಿಗೆ ಒಂದು ಗೇಣು ಹತ್ತಿರ ತಂದು ರೆಕಾರ್ಡ್ ಮಾಡಿ ನೋಡಿ. ಎಬಿಎಕ್ಸ್‌ನಲ್ಲಿ ಎಷ್ಟು ಬಂತು ಇಲ್ಲೇ ಬರೀರಿ. 12 ಅಥವಾ ಜಾಸ್ತಿ ಬಂದರೆ ನಿಮ್ಮ ಎರಡೂ ಫೈಲ್ ನನಗೂ ಕಳಿಸಿ, ಎಲ್ಲಿ ವ್ಯತ್ಯಾಸ ಇದೆ ಅಂತ ಕೂಡಿ ಹುಡುಕೋಣ.