ಪೋರ್ಟೊ ಹತ್ತಿರ ಒಂದು ರಾತ್ರಿ ಉಳಿಯೋಕೆ ಸಣ್ಣ ಊರು? ಶಾವಿಶ್‌ಗೆ ಹೋಗಿ

ಅಪ್ಪ ಅಮ್ಮನ ಜೊತೆ ಪೋರ್ಚುಗಲ್‌ನ ಪೋರ್ಟೊಗೆ ಹೊರಟಿದ್ದೀರಿ, ಮಧ್ಯೆ ಒಂದು ರಾತ್ರಿ ಗದ್ದಲ ಇಲ್ಲದ ಸಣ್ಣ ಊರಲ್ಲಿ ಇರಬೇಕು ಅಂತ ಕೇಳಿದ್ದೀರಿ. ನನ್ನ ಮಾತು ಕೇಳಿ, ಶಾವಿಶ್‌ಗೆ ಹೋಗಿ. ಸ್ಪೇನ್ ಗಡಿ ಪಕ್ಕದ ಊರು. ನಾನು ಅಮ್ಮನನ್ನು ಮೇ ತಿಂಗಳಲ್ಲಿ ಕರೆದುಕೊಂಡು ಹೋಗಿದ್ದೆ. ಅಲ್ಲಿಗೆ ರೈಲು 1990ರಲ್ಲೇ ನಿಂತಿದೆ, ಬಸ್ಸಿಗೇ ಹೋಗಬೇಕು. ಎರಡೂವರೆ ಗಂಟೆ ಇಟ್ಟುಕೊಳ್ಳಿ.

ಊರು ಹುಟ್ಟಿದ್ದೇ ಬಿಸಿನೀರಿನಿಂದ. ನೆಲದೊಳಗಿಂದ 73 ಡಿಗ್ರಿ ನೀರು ಉಕ್ಕುತ್ತದೆ. ರೋಮನ್ನರು ಇದನ್ನು ಆಕ್ವೇ ಫ್ಲಾವಿಯೇ ಅಂತ ಕರೆದರು. ಅದೇ ಹೆಸರು ಬಾಯಿಂದ ಬಾಯಿಗೆ ಸವೆದು ಶಾವಿಶ್ ಆಯಿತು. ಪೋರ್ಚುಗೀಸಿನಲ್ಲಿ ಆ ಪದಕ್ಕೆ ಬೀಗದ ಕೈಗಳು ಅಂತಲೂ ಅರ್ಥ. ನಮ್ಮ ಹುಬ್ಬಳ್ಳಿ ಕಡೆ ಚಾವಿ ಅಂತೀವಲ್ಲ, ಅದು ಅವರಿಂದಲೇ ಬಂದ ಪದ. ಊರಿನ ಲಾಂಛನದಲ್ಲೂ ಚಾವಿಗಳಿವೆ. ತೋರಿಸಿದಾಗ ಅಮ್ಮನಿಗೆ ಖುಷಿಯೋ ಖುಷಿ.

ಬುಗ್ಗೆಯ ನೀರನ್ನು ಜನ ಲೋಟದಲ್ಲಿ ಹಿಡಿದು ಕುಡಿಯುತ್ತಾರೆ. ಅಮ್ಮ ಸೆರಗು ಸುತ್ತಿ ಲೋಟ ಹಿಡಿದು, ಊದಿ ಊದಿ ಕುಡಿದರು. ಅಡುಗೆ ಸೋಡಾ ಕದಡಿದಂಥ ರುಚಿ. ಬಿಪಿ ಇದ್ದವರಿಗೆ ಒಂದು ಗುಟುಕು ಸಾಕು.

ಅಲ್ಲೇ ಹತ್ತಿರ ರೋಮನ್ ಸ್ನಾನಗೃಹದ ಮ್ಯೂಸಿಯಂ ಇದೆ. ಪಾರ್ಕಿಂಗ್ ಕಟ್ಟಲು ಚೌಕ ಅಗೆದಾಗ ಸಿಕ್ಕಿದ್ದು. ಕೊಳಗಳು ಹಾಗೇ ಇವೆ, ಬಿಸಿನೀರು ಈಗಲೂ ಬರುತ್ತದೆ. ಇದನ್ನು ಮಾತ್ರ ತಪ್ಪಿಸಬೇಡಿ.

ಸಂಜೆ ತಾಮೆಗಾ ನದಿಯ ಮೇಲಿನ ಟ್ರಾಜನ್ ಸೇತುವೆಗೆ ಬನ್ನಿ. ಸುಮಾರು 1900 ವರ್ಷ ಹಳೆಯದು. ಈಗ ವಾಹನ ಬಿಡುವುದಿಲ್ಲ, ಹಾಗಾಗಿ ಹಿರಿಯರು ನಿಧಾನಕ್ಕೆ ನಡೆಯಬಹುದು. ನಡುವೆ ಎರಡು ಕಲ್ಲುಕಂಬ, ಅವುಗಳ ಮೇಲೆ ಲ್ಯಾಟಿನ್ ಅಕ್ಷರ. ನಾವು ಕತ್ತಲಾಗುವ ತನಕ ಅಲ್ಲೇ ಸುಮ್ನೆ ನಿಂತಿದ್ದೆವು. ಅದಕ್ಕೇ ಹೇಳೋದು, ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬೇಡಿ ಅಂತ. ಪಕ್ಕದಲ್ಲಿ ನದಿ ದಾಟಲು ಸಾಲಾಗಿ ಕಲ್ಲು ಹಾಕಿದ್ದಾರೆ. ಮಂಡಿನೋವು ಇದ್ದವರಿಗೆ ಅದು ಬೇಡ.

ಊಟದ ವಿಷಯಕ್ಕೆ ಸ್ವಲ್ಪ ಹುಷಾರು. ಇಲ್ಲಿ ಹೆಸರಾದ ಪಸ್ಟೆಲ್, ನಮ್ಮ ಕರ್ಜಿಕಾಯಿ ಆಕಾರದ ಪದರು ಪದರು ಪಫ್. ಒಳಗೆ ಕರುವಿನ ಮಾಂಸ ಇರುತ್ತದೆ. ಸಸ್ಯಾಹಾರಿಗಳಾದರೆ ಸೂಪಿಗೂ 'ಸೆಂ ಕಾರ್ನ್', ಅಂದರೆ ಮಾಂಸ ಬೇಡ ಅಂತ ಹೇಳಿ.

ಜುಲೈ, ಆಗಸ್ಟ್ ಬಿಟ್ಟು ಹೋಗಿ. ಒಂಬತ್ತು ತಿಂಗಳು ಚಳಿ, ಮೂರು ತಿಂಗಳು ನರಕ ಅಂತ ಆ ಸೀಮೆಯ ಜನರೇ ಹೇಳುತ್ತಾರೆ.