ಹೊಟ್ಟೆಯ ಗೆರೆ ಬೇಡ, ಹಳೆಯ ಚೀಟಿ ತನ್ನಿ

ಪ್ರಶ್ನೆ: ಮೊದಲನೆಯದು ಸಿಸೇರಿಯನ್. ಹೊಲಿಗೆ ಕೆಳಗೆ, ಅಡ್ಡಕ್ಕಿದೆ, ಚೆನ್ನಾಗಿ ಮಾಯ್ದಿದೆ. ಈಗ ಎಂಟು ತಿಂಗಳು. ನಾರ್ಮಲ್ ಆಗಲಿ ಎಂಬ ಆಸೆ. ‘ಹೊಲಿಗೆ ಬಿಚ್ಚಿಕೊಳ್ಳುತ್ತದೆ’ ಎಂದು ಒಬ್ಬರು, ‘ಮನೆಯಲ್ಲೇ ಆಗುತ್ತದೆ, ಹೆದರಬೇಡ’ ಎಂದು ಇನ್ನೊಬ್ಬರು. ಯಾರನ್ನು ನಂಬಲಿ?

ಉತ್ತರ: ಇಬ್ಬರನ್ನೂ ಬಿಡಿ. ಇದೇ ಪ್ರಶ್ನೆ ಬರೆಯುವವರೆಲ್ಲ ಹೊಟ್ಟೆಯ ಮೇಲಿನ ಗೆರೆಯನ್ನೇ ವರ್ಣಿಸುತ್ತಾರೆ. ಅದರಿಂದ ನನಗೇನೂ ತಿಳಿಯುವುದಿಲ್ಲ. ಚರ್ಮದ ಮೇಲೆ ಅಡ್ಡಗೆರೆ ಇದ್ದು, ಒಳಗೆ ಗರ್ಭಕೋಶವನ್ನು ಉದ್ದಕ್ಕೆ ಕೊಯ್ದಿರಬಹುದು. ಮಗು ತೀರಾ ದಿನ ತುಂಬದ್ದಾಗಿದ್ದರೆ, ಅಡ್ಡ ಮಲಗಿದ್ದರೆ ಕೆಲವೊಮ್ಮೆ ಹಾಗೆ ಮಾಡಬೇಕಾಗುತ್ತದೆ. ಆ ಉದ್ದ ಗಾಯ ಗರ್ಭಕೋಶದ ಮೇಲ್ಭಾಗಕ್ಕೆ ಹೋಗಿದ್ದರೆ ನಾರ್ಮಲ್ ಮಾತೇ ಬೇಡ. ಇದನ್ನು ಹೇಳುವುದು ಹಿಂದಿನ ಆಪರೇಷನ್ನಿನ ಟಿಪ್ಪಣಿ ಮಾತ್ರ. ಡಿಸ್ಚಾರ್ಜ್ ಚೀಟಿ ಕಳೆದುಹೋಗಿದ್ದರೆ ಆ ಆಸ್ಪತ್ರೆಗೆ ಹೋಗಿ ಕೇಳಿ ತನ್ನಿ.

ಕೆಳಭಾಗದಲ್ಲಿ ಒಂದೇ ಒಂದು ಅಡ್ಡ ಕೊಯ್ತ ಎಂದು ಚೀಟಿ ಹೇಳಿತೆನ್ನಿ. ನೋವು ತಾನಾಗಿ ಬಂದರೆ ಗರ್ಭಕೋಶ ಹರಿಯುವುದು ಸುಮಾರು 200ರಲ್ಲಿ ಒಬ್ಬರಿಗೆ. ಔಷಧಿ ಕೊಟ್ಟು ನೋವು ಬರಿಸಿದರೆ ಅದು ಎರಡು ಮೂರು ಪಟ್ಟಾಗುತ್ತದೆ. ಪ್ರಯತ್ನಿಸಿದ 100 ಜನರಲ್ಲಿ 60ರಿಂದ 80 ಮಂದಿಗೆ ನಾರ್ಮಲ್ ಆಗುತ್ತದೆ. ಹಿಂದೊಮ್ಮೆ ನಾರ್ಮಲ್ ಆಗಿದ್ದವರಿಗೆ ಇನ್ನೂ ಹೆಚ್ಚು. ಉಳಿದವರಿಗೆ ನೋವು ತಿಂದ ಮೇಲೆ ಮತ್ತೆ ಸಿಸೇರಿಯನ್. ಸೋಂಕು, ರಕ್ತಸ್ರಾವ ಹೆಚ್ಚು ಕಾಡುವುದು ಇವರನ್ನೇ.

200ಕ್ಕೆ ಒಂದು ಸಣ್ಣ ಅಂಕಿಯೇ. ಆದರೆ ಆ ಒಬ್ಬರ ಪಾಲಿಗೆ ಸಿಗುವುದು ನಿಮಿಷಗಳು. ‘ಹರಿದರೆ ನನಗೇ ಗೊತ್ತಾಗುತ್ತಲ್ಲ’ ಅನ್ನುತ್ತೀರಿ. ಎಷ್ಟೋ ಸಲ ಮೊದಲು ಗೊತ್ತಾಗುವುದು ಮಗುವಿನ ಎದೆಬಡಿತಕ್ಕೆ, ಅದು ಕುಸಿಯುತ್ತದೆ. ಒಂದು ನೋವಿಗೂ ಇನ್ನೊಂದಕ್ಕೂ ನಡುವೆ ಬಿಡದೆ ಉಳಿಯುವ ನೋವು, ರಕ್ತ, ಬರುತ್ತಿದ್ದ ನೋವು ಹಠಾತ್ತನೆ ನಿಂತುಹೋಗುವುದು, ಇವೆಲ್ಲ ಆಮೇಲೆ ಬರಬಹುದು, ಬಾರದೆಯೂ ಇರಬಹುದು. ಅದಕ್ಕೇ ಎದೆಬಡಿತವನ್ನು ಬಿಡದೆ ನೋಡುವ ಯಂತ್ರ, ಸಿದ್ಧವಾದ ಥಿಯೇಟರ್, ಅರಿವಳಿಕೆ ವೈದ್ಯರು, ರಕ್ತ ಇವಿಷ್ಟೂ ಒಂದೇ ಕಟ್ಟಡದಲ್ಲಿರಬೇಕು. ‘ಮನೆಯಲ್ಲೇ’ ಎಂದವರ ಹತ್ತಿರ ಇವುಗಳಲ್ಲಿ ಯಾವುದಿದೆ? ಧೈರ್ಯ ಹೇಳುವುದಕ್ಕೆ ಅವರಿಗೇನು ಖರ್ಚು!

‘ಆಗುವುದೇ ಇಲ್ಲ’ ಎನ್ನುವವರದು ಹಳೆಯ ಹೆದರಿಕೆ. ‘ಒಮ್ಮೆ ಸಿಸೇರಿಯನ್, ಎಂದೆಂದಿಗೂ ಸಿಸೇರಿಯನ್’ ಎಂಬ ಮಾತನ್ನು 1916ರಲ್ಲಿ ಬರೆದವರು ನ್ಯೂಯಾರ್ಕಿನ ವೈದ್ಯ ಎಡ್ವಿನ್ ಕ್ರೇಗಿನ್. ಆಗ ಗರ್ಭಕೋಶವನ್ನು ಉದ್ದಕ್ಕೆ ಕೊಯ್ಯುತ್ತಿದ್ದರು. ಮೊದಲ ಸಿಸೇರಿಯನ್ನಿಗೆ ಮುನ್ನ ಯೋಚಿಸಿ ಎಂದು ಅವರು ವೈದ್ಯರನ್ನೇ ಎಚ್ಚರಿಸಿದ್ದು. ಆ ಭಾಗ ಮಾತ್ರ ಯಾರಿಗೂ ನೆನಪಿಲ್ಲ. ಮತ್ತೆ ಮತ್ತೆ ಸಿಸೇರಿಯನ್ ಮಾಡಿಸಿಕೊಳ್ಳುವುದೂ ಪುಕ್ಕಟೆಯಲ್ಲ. ಪ್ರತಿ ಸಲವೂ ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯಕ್ಕೆ ಬೇರಿಳಿಸಿ ಕೂರುವ ಅಪಾಯ ಏರುತ್ತದೆ. ಇನ್ನೂ ಮಕ್ಕಳು ಬೇಕೆನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ನನ್ನದೊಂದು ಅಂಜಿಕೆ: ಎರಡು ಹೆರಿಗೆಗಳ ನಡುವೆ 18 ತಿಂಗಳೂ ಆಗಿಲ್ಲವೆಂದರೆ ನಾನು ಹಿಂದೇಟು ಹಾಕುತ್ತೇನೆ. ಬೇರೆ ವೈದ್ಯರು ಒಪ್ಪಬಹುದು.

ಪ್ರಶ್ನೆ: ನೋವು ಬರಲು ಹರಳೆಣ್ಣೆ ಕುಡಿಯಲೇ?
ಉತ್ತರ: ಬೇಡ. ಅಂಗಡಿಯಿಂದ ತಂದ ಮಾತ್ರೆಯಂತೂ ಬೇಡವೇ ಬೇಡ. ನೋವು ಬರಿಸುವ ಮಾತ್ರೆ ಮಿಸೊಪ್ರೊಸ್ಟಾಲನ್ನು ದಿನ ತುಂಬಿದ ಹಳೆ ಗಾಯದ ಗರ್ಭಕೋಶಕ್ಕೆ ನಾವೇ ಮುಟ್ಟಿಸುವುದಿಲ್ಲ.

ಪ್ರಶ್ನೆ: ಸ್ಕ್ಯಾನಿಂಗ್‌ನಲ್ಲಿ ಹೊಲಿಗೆಯ ಜಾಗ ತೆಳುವಾಗಿದೆ ಎಂದರು. ಎಷ್ಟು ಮಿಲಿಮೀಟರ್ ಇದ್ದರೆ ಸರಿ?
ಉತ್ತರ: ತೆಳುವಾದಷ್ಟೂ ಅಪಾಯ ಹೆಚ್ಚು, ನಿಜ. ಎಲ್ಲರೂ ಒಪ್ಪಿದ ಗಡಿ ಅಂಕಿ ಇಲ್ಲ.

ಪ್ರಶ್ನೆ: ನೋವು ಕಾಣದಂತೆ ಬೆನ್ನಿಗೆ ಇಂಜೆಕ್ಷನ್ ತೆಗೆದುಕೊಳ್ಳಬಹುದೇ?
ಉತ್ತರ: ಧಾರಾಳವಾಗಿ.