12 ವರ್ಷ ಮೂಲೆಯಲ್ಲಿದ್ದ ಅಜ್ಜಿಯ ಹೊಲಿಗೆ ಮಿಷನ್ ಮತ್ತೆ ಓಡುತ್ತಾ?

ನೀವು ಕೇಳಿದ್ದು ಇಷ್ಟು: ಅಜ್ಜಿಯ ಕಪ್ಪು ಕಾಲು ಮಿಷನ್ 12 ವರ್ಷ ಸುಮ್ನೆ ಮೂಲೆಯಲ್ಲಿತ್ತು. ಈಗ ತುಳಿದರೆ ಭಾರ. ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾಗಿ ಸುತ್ತಿಕೊಳ್ಳುತ್ತೆ, ಅಲ್ಲಲ್ಲಿ ಹೊಲಿಗೆ ತಪ್ಪುತ್ತೆ. ರಿಪೇರಿಯವರು ಗುಜರಿಗೆ ಹಾಕಿ ಅಂದಿದ್ದಾರೆ.

ಹಾಕಬೇಡಿ. ಸ್ಕ್ರೂಡ್ರೈವರನ್ನೂ ಸದ್ಯಕ್ಕೆ ಪಕ್ಕಕ್ಕಿಡಿ.

ನಾನು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಅಮ್ಮನ ಹಳೇ ಮಿಷನ್ನಿನಲ್ಲಿ. ಅದೂ ಒಮ್ಮೆ ಹೀಗೇ ಕೈಕೊಟ್ಟಿತ್ತು. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಇನ್ನು ಹದಿನೈದು ದಿನ, ಕೈಯಲ್ಲಿ ಇಪ್ಪತ್ತೆರಡು ಬ್ಲೌಸ್! ಒಬ್ಬ ಮೆಕ್ಯಾನಿಕ್ ಬಂದು ಕಂಡ ಕಂಡ ಸ್ಕ್ರೂ ತಿರುಗಿಸಿ, "ಶಟಲ್ ಹೋಗಿದೆ, ಹೊಸ ತಲೆ ತಗೊಳ್ಳಿ" ಅಂದ. ಶಟಲ್ ಅಂದರೆ ಮೇಲಿನ ದಾರವನ್ನು ಅಡಿ ದಾರಕ್ಕೆ ಕೂಡಿಸುವ ಕೊಕ್ಕೆ, ತಲೆ ಅಂದರೆ ಟೇಬಲ್ ಮೇಲೆ ಕೂರುವ ಮಿಷನ್. ಶಟಲ್ಲಿಗೆ ಏನೂ ಆಗಿರಲಿಲ್ಲ. ಅಮ್ಮ ವರ್ಷಗಟ್ಟಲೆ ಬಿಟ್ಟಿದ್ದ ಕೊಬ್ಬರಿ ಎಣ್ಣೆಯೇ ಮುಖ್ಯ ಕಾರಣ.

ನಿಮ್ಮ ಅಜ್ಜಿಯೂ ಅದನ್ನೇ ಮಾಡಿರಬಹುದು. ಎಷ್ಟೋ ಮನೆಯಲ್ಲಿ ಮಿಷನ್ನಿಗೆ ಬೀಳುತ್ತಿದ್ದದ್ದು ತಲೆಗೆ ಹಚ್ಚುವ ಎಣ್ಣೆ, ಇಲ್ಲವೇ ಒಗ್ಗರಣೆ ಎಣ್ಣೆ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ, ಚಳಿಗಾಲದ ಬೆಳಗ್ಗೆ ಡಬ್ಬಿಯಲ್ಲಿ ಬೆಳ್ಳಗೆ ಕೂತಿರುತ್ತಲ್ವಾ. ಶೇಂಗಾ ಎಣ್ಣೆ ಇನ್ನೂ ಮೋಸ. ಮೆಣಸಿನಕಾಯಿ ಬಜ್ಜಿ ಕರಿಯುವ ಬಾಣಲೆಯ ಹೊರಗಡೆ ಕಂದು ಬಣ್ಣದ ಅಂಟು ಹಿಡಿದಿರುತ್ತೆ ನೋಡಿ, ಗಾಳಿ ತಾಗಿ ತಾಗಿ ಮಿಷನ್ ಒಳಗೂ ಅದೇ ಆಗುತ್ತೆ. ಅದರ ಮೇಲೆ ಬಟ್ಟೆಯ ಹಿಂಜು ಕೂತರೆ ಮುಗೀತು.

ಮೊದಲು ಭಾರ ಎಲ್ಲಿದೆ ಅಂತ ಹುಡುಕಿ. ಬೆಲ್ಟ್ ಕಳಚಿ, ಮೇಲಿನ ಚಕ್ರವನ್ನು ಕೈಯಲ್ಲಿ ನಿಮ್ಮ ಕಡೆಗೆ ತಿರುಗಿಸಿ. ಹಗುರವಾಗಿ ತಿರುಗಿದರೆ ದೋಷ ಕೆಳಗಿನ ಪೆಡಲ್‌ನಲ್ಲಿದೆ. ದೊಡ್ಡ ಚಕ್ರದ ಅಚ್ಚಿಗೆ ದಾರ, ಕೂದಲು ಸುತ್ತಿಕೊಂಡಿರುತ್ತೆ, ಬಿಡಿಸಿ ಎಣ್ಣೆ ಬಿಡಿ. ಮೇಲಿನ ಚಕ್ರವೇ ಭಾರವಾದರೆ ತಲೆಯೊಳಗೆ ಜಿಡ್ಡು ಕಟ್ಟಿದೆ ಅಂತ ಅರ್ಥ.

ತಲೆಯನ್ನು ಹಿಂದಕ್ಕೆ ಮಲಗಿಸಿ. ಎಲ್ಲೆಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತೋ ಅಲ್ಲೆಲ್ಲ, ಮೇಲಿರುವ ಸಣ್ಣ ತೂತುಗಳಿಗೂ, ಒಂದೆರಡು ಹನಿ ಸೀಮೆಎಣ್ಣೆ ಬಿಡಿ. ಹತ್ತಿರದಲ್ಲಿ ಒಲೆ, ದೀಪ ಇರಬಾರದು. ಬಂಗಾರದ ಹೂಬಳ್ಳಿ ಇರುವ ಕಡೆ ತಾಗಿಸಬೇಡಿ, ಬಣ್ಣ ಎದ್ದು ಬರುತ್ತೆ. ರಾತ್ರಿ ಹಾಗೇ ಬಿಟ್ಟು, ಬೆಳಗ್ಗೆ ಚಕ್ರ ತಿರುಗಿಸುತ್ತಾ ಕಂದು ರಸ ಒರೆಸಿ. ಪೂರ್ತಿ ಒರೆಸಿದ ಮೇಲೆ ಮಿಷನ್ ಎಣ್ಣೆ ಹಾಕಿ, ನೀರಿನ ಹಾಗೆ ತೆಳ್ಳಗಿರುತ್ತಲ್ಲ, ಅದು. ಸೀಮೆಎಣ್ಣೆ ಸಿಗಲಿಲ್ಲವೋ, ಮಿಷನ್ ಎಣ್ಣೆಯನ್ನೇ ಬಿಟ್ಟು ತಲೆಯನ್ನು ಒಂದು ಗಂಟೆ ಬಿಸಿಲಿಗಿಡಿ. ನಮ್ಮೂರಿನ ಏಪ್ರಿಲ್ ಬಿಸಿಲು ಇದಕ್ಕಾದರೂ ಉಪಯೋಗಕ್ಕೆ ಬರಲಿ. ನಮ್ಮದು ಬಿಡಲು ಮೂರು ದಿನ ಹಿಡಿಯಿತು. ಜೋರು ಮಾಡಿ ತಿರುಗಿಸಲು ಹೋಗಬೇಡಿ.

ಆಮೇಲೆ ಶಟಲ್. ಬಾಬಿನ್ ಕೇಸ್, ಅಂದರೆ ಅಡಿ ದಾರದ ಉರುಳೆ ಕೂರುವ ಡಬ್ಬಿ, ತೆಗೆದರೆ ಅದರ ಹಿಂದೆ ಅರ್ಧಚಂದ್ರದ ಹಾಗೆ ಕಾಣುವುದೇ ಅದು. ತೆಗೆಯುವ ಮೊದಲು ಹೇಗೆ ಕೂತಿದೆ ಅಂತ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ. ನಮ್ಮದರ ಹಿಂದೆ ಹಿಂಜು ಚಾಪೆಯಾಗಿ ಕೂತಿತ್ತು. ಅದರ ನಡುವೆ ಅಕ್ಕಿ ಕಾಳಿನಷ್ಟು ಉದ್ದದ ಕೆಂಪು ದಾರದ ಚೂರು. ಆ ಚೂರೂ ಶಟಲ್ಲನ್ನು ಪ್ರತಿ ಸಲ ಹಿಡಿದು ಎಳೆಯುತ್ತಿತ್ತು! ಸೂಜಿ ತುದಿಯಿಂದ ಕೆದರಿ ತೆಗೆದೆ. ಶಟಲ್‌ನ ಚೂಪು ತುದಿಯನ್ನು ಉಗುರಿನ ಮೇಲೆ ಎಳೆದು ನೋಡಿ. ಗೀಚಿದ ಹಾಗಾದರೆ ಅಲ್ಲಿ ತರಿ ಎದ್ದಿದೆ. ತೀರಾ ನುಣುಪಾದ ಎಮರಿ ಕಾಗದದಲ್ಲಿ ಎರಡೇ ಎಳೆತ ಸಾಕು, ಮೊನೆ ಮೊಂಡಾಗಬಾರದು. ಸೂಜಿಯ ಕೆಳಗಿನ ಪ್ಲೇಟ್ ಬಿಚ್ಚಿ, ಬಟ್ಟೆ ತಳ್ಳುವ ಹಲ್ಲುಗಳ ಸಂದಿಯಲ್ಲಿರುವ ಹಿಂಜನ್ನೂ ತೆಗೆಯಿರಿ, ಅದು ತುಂಬಿದರೆ ಬಟ್ಟೆ ಮುಂದೆ ಹೋಗಲ್ಲ.

ಅಡಿಯಲ್ಲಿ ಗಂಟು ಬಿದ್ದರೆ ಎಲ್ಲರೂ ಬಾಬಿನ್ ಬೈಯುತ್ತಾರೆ. ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಮೇಲೆ ಕೆಳಗೆ ಆಡುವ ಲಿವರ್‌ನ ತೂತಿಗೆ ದಾರ ಹಾಕಲು ಮರೆತಿರುತ್ತೇವೆ, ಇಲ್ಲವೇ ದಾರ ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ದಾರ ಕೂತಿರುವುದಿಲ್ಲ. ಬಟ್ಟೆ ಒತ್ತಿ ಹಿಡಿಯುವ ಮಿಷನ್ನಿನ ಪಾದ ಎತ್ತಿ ದಾರ ಹಾಕಿ, ಆಗ ಬಿಲ್ಲೆ ಸಡಿಲವಿರುತ್ತೆ. ಬಿಲ್ಲೆಗಳ ನಡುವೆ ಒಂದು ತೆಳು ಬಟ್ಟೆ ಆಡಿಸಿ ಧೂಳು ತೆಗೆಯಿರಿ. ಬಾಬಿನ್ ಕೇಸನ್ನು ದಾರದ ತುದಿ ಹಿಡಿದು ನೇತಾಡಿಸಿ: ತಾನಾಗೇ ಜಾರಬಾರದು, ಕೈ ಸ್ವಲ್ಪ ಜಗ್ಗಿದರೆ ಒಂದಿಷ್ಟು ಇಳಿಯಬೇಕು. ಹಾಗಿದ್ದರೆ ಅದರ ಪುಟ್ಟ ಸ್ಕ್ರೂ ಮುಟ್ಟಬೇಡಿ.

ಹೊಲಿಗೆ ತಪ್ಪುವುದಕ್ಕೆ ಮೊದಲ ಮದ್ದು ಹೊಸ ಸೂಜಿ. ಸೂಜಿಯ ಒಂದು ಕಡೆ ಉದ್ದಕ್ಕೂ ಗೀರು ಇರುತ್ತೆ. ಆ ಕಡೆಯಿಂದಲೇ ದಾರ ಪೋಣಿಸಬೇಕು, ಚಪ್ಪಟೆ ಕಡೆ ಶಟಲ್‌ನತ್ತ ಇರಬೇಕು. ತಿರುಗಾಮುರುಗ ಹಾಕಿದರೆ ಎಂಥ ಮಿಷನ್ನೂ ಹೊಲಿಯಲ್ಲ. ಪೂರ್ತಿ ಮೇಲಕ್ಕೆ ತಳ್ಳಿ ಬಿಗಿ ಮಾಡಿ. ಬ್ಲೌಸ್ ಬಟ್ಟೆಗೆ 14 ನಂಬರ್, ಪ್ಯಾಂಟ್ ಬಟ್ಟೆಗೆ 16 ಹಾಕಿದರೆ ಸಾಕು.

ಚಕ್ರ ತಿರುಗಿದರೂ ಸೂಜಿ ಆಡದಿದ್ದರೆ, ಬಾಬಿನ್ ಸುತ್ತಲು ಸಡಿಲಿಸುವ, ಚಕ್ರದ ನಡುವಿನ ಗುಂಡಿ ಬಿಗಿ ಮಾಡಿ. ಬಿಗಿ ಮಾಡಿದರೂ ಜಾರಿದರೆ ಒಳಗಿನ ವಾಷರನ್ನು ಅರ್ಧ ಸುತ್ತು ತಿರುಗಿಸಿ ಹಾಕಿ ನೋಡಿ. ಬೆಲ್ಟ್ ಜಾರುತ್ತಿದ್ದರೆ ಅರ್ಧ ಇಂಚು ಕತ್ತರಿಸಿ ಮತ್ತೆ ಕ್ಲಿಪ್ ಹಾಕಿ, ಅಷ್ಟೇ.

ಇಷ್ಟಾದರೂ ಹೊಲಿಗೆ ತಪ್ಪಿದರೆ ಮಾತ್ರ ಸೂಜಿ ಹಿಡಿದಿರುವ ಕಡ್ಡಿಯ ಎತ್ತರ ನೋಡಬೇಕು. ಸೂಜಿ ತೀರಾ ಕೆಳಗೆ ಹೋಗಿ ಸುಮಾರು 2 ಮಿಲಿಮೀಟರ್ ಮೇಲೆದ್ದಾಗ ಶಟಲ್‌ನ ಚೂಪು ತುದಿ ಸೂಜಿಯ ಕಣ್ಣಿಗಿಂತ ಸ್ವಲ್ಪ ಮೇಲೆ ಹಾಯಬೇಕು. ಕಣ್ಣಿಗಿಂತ ಕೆಳಗೆ ಹಾದರೆ ಕಡ್ಡಿ ಮೇಲೆ ಸರಿದಿದೆ. ನಮ್ಮ ಮೆಕ್ಯಾನಿಕ್ ತಿರುಗಿಸಿ ಹೋಗಿದ್ದ ಸ್ಕ್ರೂಗಳಲ್ಲಿ ಈ ಕಡ್ಡಿಯದೂ ಒಂದು. ಸರಿ ಜಾಗಕ್ಕೆ ತರಲು ನನಗೆ ಒಂದಿಡೀ ಭಾನುವಾರ ಬೇಕಾಯಿತು. ನೀವು ಮುಟ್ಟುವುದೇ ಆದರೆ ಕಡ್ಡಿ ಮೇಲೆ ಈಗಿರುವ ಜಾಗಕ್ಕೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದು ಆಮೇಲೆ ಸಡಿಲಿಸಿ.